ಸವೆದ ಮುಖ ಮುಂದೆ

ಮನೆಯಿಂದ,
ಏಪ್ರಿಲ್ ೧೨, ಶನಿವಾರ ಮಧ್ಯಾಹ್ನ

ಪ್ರೀತಿಯ ಅತ್ತೆಗೆ, ನಿಮ್ಮ ಸೊಸೆಯ ನಮಸ್ಕಾರ.

ಮಂಡಿ ಹೇಗಿದೆ? ಚಿಕ್ಕತ್ತೆಯ ಮನೆಯ ಮೆಟ್ಟಿಲುಗಳನ್ನು ನೆನೆದರೆ ಇಲ್ಲಿ ಕೂತ ನನಗೇ ಕಾಲು ನೋಯುತ್ತದೆ. ಮಹಡಿಯ ಕೋಣೆಯಲ್ಲಿ ಗಾಳಿ ಬೆಳಕು ಜಾಸ್ತಿ ಎಂದು ನಿಮ್ಮ ತಂಗಿ ನಿಮ್ಮನ್ನು ಅಲ್ಲಿಯೇ ಮಲಗಿಸಿರುತ್ತಾರೆ, ನೀವು ಬೇಡ ಎನ್ನಲಾರದೆ ಗೋಡೆ ಹಿಡಿದು ಹತ್ತಿ ಇಳಿಯುತ್ತಿರುತ್ತೀರಿ. ಕಣ್ಣಿಗೆ ಹಾಕುವ ಡ್ರಾಪ್ಸ್ ಇಲ್ಲಿ ದಿಂಬಿನ ಪಕ್ಕದಲ್ಲೇ ಉಳಿದುಬಿಟ್ಟಿತ್ತು. ಅಲ್ಲಿ ಬೇರೆ ಕೊಂಡಿರಿ ತಾನೆ? ಇದನ್ನೆಲ್ಲ ಫೋನಿನಲ್ಲಿ ಕೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ‘ಹೂಂ’ ಎನ್ನುತ್ತೀರಿ, ಸ್ವಲ್ಪ ಬಿಟ್ಟು ಇನ್ನೊಂದು ‘ಹೂಂ’ ಎನ್ನುತ್ತೀರಿ, ಆಮೇಲೆ ‘ತಗೋ, ಇವಳು ಮಾತಾಡ್ತಾಳಂತೆ’ ಎಂದು ಚಿಕ್ಕತ್ತೆಯ ಕೈಗೆ ದಾಟಿಸಿಬಿಡುತ್ತೀರಿ. ಅವರು ಮಿಕ್ಸಿ ಕೆಟ್ಟ ಕಥೆಯನ್ನು ಮೊದಲಿನಿಂದ ಹೇಳುತ್ತಾರೆ. ಓದುತ್ತಿರುವ ಕಾಗದವನ್ನು ಅರ್ಧಕ್ಕೇ ಬೇರೆಯವರಿಗೆ ಕೊಡುವವರಲ್ಲ ನೀವು ಎಂದು ನಂಬಿ ಬರೆಯಲು ಕೂತಿದ್ದೇನೆ.

ಇಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ. ಗುಬ್ಬಿ ಹಾಸ್ಟೆಲಿನಿಂದ ಬಂದವಳು ಬಿಸಿಲು ಮಂಚದ ಮೇಲೆ ಬರುವವರೆಗೂ ಮಲಗಿರುತ್ತಾಳೆ. ಅಜ್ಜಿ ಇದ್ದಿದ್ದರೆ ಹೊದಿಕೆ ಎಳೆಯುತ್ತಿದ್ದರು ಎಂದು ನಾನೆಂದರೆ, ಅದಕ್ಕೇ ಸರಿಯಾಗಿ ನಿದ್ದೆ ಬರ್ತಿಲ್ಲ ಎನ್ನುತ್ತಾಳೆ. ಎದುರುಮನೆಯ ಟೈಲರ್ ದಿನಾ ನಿಮ್ಮನ್ನು ಕೇಳುತ್ತಾರೆ. ನೀವಿಲ್ಲದೆ ಬೀದಿಯಲ್ಲಿ ನೀರಿನ ಜಗಳವೇ ನಿಂತುಹೋಗಿದೆಯಂತೆ, ಬೇಜಾರಂತೆ.

ಮುಂದಿನ ಕೋಣೆಯ ದೊಡ್ಡ ಮೇಜನ್ನು ಮಾತ್ರ ನೀವು ಹೋದಂದಿನಿಂದ ಯಾರೂ ಸರಿಸಿಲ್ಲ. ನೀವು ಒರಗಿಸಿಟ್ಟ ಪೋಸ್ಟ್ ಕಾರ್ಡುಗಳು ಹಾಗೆಯೇ ನಿಂತಿವೆ, ಅವುಗಳ ಮುಂದೆ ಆಟಿಕೆಗಳಿಲ್ಲ. ಫ್ಯಾನ್ ಹಾಕಿದರೆ ಬೀಳುತ್ತವೆಂದು ಆ ಕೋಣೆಯಲ್ಲಿ ಫ್ಯಾನ್ ಹಾಕುತ್ತಿಲ್ಲ. ಬಂದವರನ್ನು ಅಡುಗೆಮನೆಯಲ್ಲೇ ಕೂರಿಸುತ್ತೇವೆ.

ಮೊನ್ನೆ ಗುಬ್ಬಿ ಈ ಮೇಜಿನ ಕಥೆಯನ್ನು ಸರಿಯಾಗಿ ಹೇಳು ಎಂದಳು. ಹುಟ್ಟಿದಾಗಿನಿಂದ ಪ್ರತಿ ವರ್ಷ ದೊಡ್ಡ ರಜೆಯ ಮೊದಲ ಸಂಜೆ ನೋಡುತ್ತ ಬಂದವಳು, ಆದರೆ ಯಾಕೆ ಎಂದು ಕೇಳಿಯೇ ಇರಲಿಲ್ಲ. ನನಗೆ ನೀವು ಹೇಳಿದಷ್ಟನ್ನು ಹೇಳಿದೆ, ತಪ್ಪಿದ್ದರೆ ತಿದ್ದಿ. ನಿಮ್ಮ ತಂದೆ ಹೊಲಿಗೆ ಯಂತ್ರದ ಕಂಪನಿಯ ಪರವಾಗಿ ಊರೂರು ತಿರುಗುತ್ತಿದ್ದರು, ವರ್ಷದಲ್ಲಿ ಒಂದೇ ಸಲ, ದೊಡ್ಡ ರಜೆಗೆ ಮನೆಗೆ ಬರುತ್ತಿದ್ದರು. ಹೋದ ಊರಿನಿಂದೆಲ್ಲ ಒಂದು ಚಿತ್ರದ ಕಾರ್ಡು ಬರೆಯುತ್ತಿದ್ದರು. ಅವರು ಬರುವ ದಿನ ನೀವು ಮತ್ತು ಚಿಕ್ಕತ್ತೆ ಆ ವರ್ಷದ ಕಾರ್ಡುಗಳನ್ನೆಲ್ಲ ಮೇಜಿನ ಮೇಲೆ ನಿಲ್ಲಿಸುತ್ತಿದ್ದಿರಿ, ಒಂದೂ ಕಳೆದಿಲ್ಲ, ಎಲ್ಲವೂ ಬಂದು ಮುಟ್ಟಿವೆ ಎಂದು ಅವರಿಗೆ ತೋರಿಸಲು. ಅವರು ಕೋಟು ಬಿಚ್ಚದೆ ಮೇಜಿನ ಸುತ್ತ ಬಂದು, ಪೆಟ್ಟಿಗೆಯಿಂದ ಒಂದು ಆಟಿಕೆ ತೆಗೆದು, ಅದನ್ನು ಕೊಂಡ ಊರಿನ ಕಾರ್ಡಿನ ಮುಂದೆ ಇಡುತ್ತಿದ್ದರು. ಒಂದು ವರ್ಷ ತಗಡಿನ ಬಸ್ಸು, ಒಂದು ವರ್ಷ ಮರದ ಕುದುರೆ, ಕೀಲಿ ಕೊಟ್ಟರೆ ಡೋಲು ಬಡಿಯುವ ಕರಡಿ, ತಗಡಿನ ದೋಣಿ. ಅವರು ತೀರಿಕೊಂಡ ಮೇಲೂ ಕಾರ್ಡು ಮತ್ತು ಆಟಿಕೆಗಳ ಜೋಡಿಯನ್ನು ನೀವು ಬಿಡಿಸಲಿಲ್ಲ. ಬಸ್ಸು ಗಡಿಯಾರದ ಗೋಪುರದ ಮುಂದೆ, ದೋಣಿ ಬಂದರಿನ ಮುಂದೆ. ಆ ಕಾರ್ಡುಗಳಿಗೆ ಯಾರೋ ಕೈಯಲ್ಲೇ ಬಣ್ಣ ಹಚ್ಚಿದ್ದಾರೆ, ಎಲ್ಲ ಊರಿಗೂ ಒಂದೇ ಗುಲಾಬಿ ಆಕಾಶ. ಅದನ್ನು ನೋಡುತ್ತ ನಾನು ಒಮ್ಮೆ ಏನೋ ದೊಡ್ಡ ಮಾತು ಆಡಹೊರಟಾಗ ನೀವು, ‘ನಿನ್ನ ಕವಿತೆ ಓದೋಕೆ ಅರ್ಥ ಬೇಕು, ನನ್ನ ಕಾರ್ಡು ಓದೋಕೆ ಕನ್ನಡಕ ಸಾಕು’ ಎಂದಿರಿ. ಕಾಲೇಜಿನಲ್ಲಿ ಇಷ್ಟು ವರ್ಷ ಪಾಠ ಮಾಡಿದ್ದೇನೆ, ಅಷ್ಟು ಚೆನ್ನಾಗಿ ಯಾರೂ ನನ್ನ ಬಾಯಿ ಮುಚ್ಚಿಸಿಲ್ಲ.

ಮದುವೆಯಾದ ಮೊದಲ ವರ್ಷ ನಿಮಗೆ ಸಹಾಯ ಮಾಡಲು ಹೋಗಿ ನಾನು ಆಟಿಕೆಗಳ ಚೆಂದದ ಬದಿಯನ್ನೆಲ್ಲ ಹುಡುಕಿ ಮುಂದೆ ತಿರುಗಿಸಿಟ್ಟಿದ್ದೆ. ನೀವು ಬಂದು ಒಂದೊಂದನ್ನೇ ಮತ್ತೆ ತಿರುಗಿಸಿದಿರಿ. ‘ಚೆನ್ನಾಗಿರೋ ಮುಖ ಅಂಗಡಿಯವನು ನೋಡಿಯಾಯ್ತು. ಮನೇಲಿ ಸವೆದ ಮುಖ ಮುಂದಿಡು’ ಎಂದಿರಿ. ಆಮೇಲೆ ತೋರಿಸಿಕೊಟ್ಟಿರಿ: ಬಸ್ಸಿನ ಮೇಲ್ಭಾಗದಲ್ಲಿ ನಾಲ್ಕು ಬೆರಳಿನ ಅಗಲಕ್ಕೆ ತಗಡು ಬೆಳ್ಳಗಾಗಿದ್ದುದು ನೀವು ಕಿಟಕಿಯ ಕಟ್ಟೆಯ ಮೇಲೆ ಅದನ್ನು ಓಡಿಸಿ ಓಡಿಸಿ. ಕರಡಿಯ ಹೊಟ್ಟೆ ಬಿಳಿಚಿಕೊಂಡಿದ್ದು ಚಿಕ್ಕತ್ತೆ ದಿನಾ ಅದಕ್ಕೆ ಸ್ನಾನ ಮಾಡಿಸಿದ್ದರಿಂದ. ಕುದುರೆಯ ಕಿವಿಯಲ್ಲಿದ್ದುದು ನನ್ನ ಗಂಡನ ಮೊದಲ ಹಲ್ಲುಗಳ ಗುರುತು. ಮುಂದೆ ಗುಬ್ಬಿ ದೋಣಿಗೆ ಉಗುರುಬಣ್ಣದಲ್ಲಿ ಕಿಟಕಿ ಬರೆದಾಗ ನಾನು ಹೊಡೆಯಲು ಹೋದೆ, ನೀವು ತಡೆದು, ‘ಬಿಡು, ಅವಳೂ ಸಹಿ ಹಾಕಿದಳು’ ಎಂದಿರಿ.

ಇನ್ನು ನಿಮ್ಮ ಮಗನ ವಿಷಯ. (ತಪ್ಪು ಮಾಡಿದಾಗ ನಿಮ್ಮ ಮಗ, ಉಳಿದ ದಿನ ನನ್ನ ಗಂಡ ಎಂದು ನಾವು ಮೊದಲೇ ಹಂಚಿಕೊಂಡಿದ್ದೇವಲ್ಲ.) ಅವರಿಗೆ ಪ್ರೀತಿ ಬಂದರೆ ಬಣ್ಣ ಹೊಡೆಯುತ್ತಾರೆ, ಬೇರೆ ದಾರಿ ಗೊತ್ತಿಲ್ಲ. ಗುಬ್ಬಿ ಹುಟ್ಟಿ ನಾನು ಆಸ್ಪತ್ರೆಯಿಂದ ಬರುವಷ್ಟರಲ್ಲಿ ಗೇಟು, ತೊಟ್ಟಿಲು, ನೀರಿನ ಡ್ರಮ್ಮು ಎಲ್ಲ ನೀಲಿಯಾಗಿದ್ದವು. ನಿಮಗೆ ಮಂಡಿನೋವು ಶುರುವಾದಾಗ ಊರುಗೋಲು ಕೆಂಪಾಯಿತು. ನಾನು ಜ್ವರದಿಂದ ಎದ್ದಾಗ ನನ್ನ ಸೈಕಲ್ಲಿಗೆ ಬೆಳ್ಳಿ ಬಣ್ಣ ಬಂದಿತ್ತು, ಹತ್ತಲು ನಾಚಿಕೆಯಾಗುವಷ್ಟು. ಕಾರಿಗೆ ಬಣ್ಣ ಹೊಡೆಯುವವರಲ್ಲಿ ಅವರಷ್ಟು ಕೈಶುದ್ಧಿ ಇರುವವರು ಈ ಊರಿನಲ್ಲಿಲ್ಲ ಎಂದು ಬೇರೆ ಗ್ಯಾರೇಜಿನವರೇ ಹೇಳುತ್ತಾರೆ. ಈ ವರ್ಷ ನಿಮ್ಮ ಕಣ್ಣಿನ ಆಪರೇಷನ್ ಆಯಿತಲ್ಲ, ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಅಮ್ಮ ಮೊದಲು ನೋಡುವ ಮೇಜು ಥಳಥಳ ಹೊಳೆಯಬೇಕು ಎಂದು ಅವರಿಗೆ ಅನ್ನಿಸಿದೆ. ನಮಗೆ ಯಾರಿಗೂ ಹೇಳದೆ ಆಟಿಕೆಗಳ ಪೆಟ್ಟಿಗೆಯನ್ನು ಗ್ಯಾರೇಜಿಗೆ ಒಯ್ದಿದ್ದಾರೆ. ಕಾರಿಗೆ ಮಾಡುವ ಹಾಗೆಯೇ ಮಾಡಿದ್ದಾರೆ: ಉಪ್ಪುಕಾಗದದಲ್ಲಿ ತಗಡಿನ ತನಕ ಉಜ್ಜಿ, ಹಳ್ಳ ಬಿದ್ದಲ್ಲೆಲ್ಲ ಪುಟ್ಟಿ ಮೆತ್ತಿ ಸಮ ಮಾಡಿ, ಪ್ರೈಮರ್ ಹೊಡೆದು, ಮೇಲೆ ಬಣ್ಣ, ಅದರ ಮೇಲೆ ಹೊಳಪು.

ಈ ರಜೆಯ ಮೊದಲ ಸಂಜೆ ನೀವು ಕಾರ್ಡುಗಳನ್ನು ನಿಲ್ಲಿಸಿ, ಪೆಟ್ಟಿಗೆ ತೆರೆದಿರಿ. ನಾನು ಬಾಗಿಲಲ್ಲಿದ್ದೆ, ಅವರು ನಿಮ್ಮ ಹಿಂದೆ ಕೈಕಟ್ಟಿ ನಿಂತಿದ್ದರು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಹಾಗೆ. ನೀವು ಬಸ್ಸನ್ನು ಕೈಗೆತ್ತಿಕೊಂಡು, ಆ ಕಡೆ ಈ ಕಡೆ ತಿರುಗಿಸಿ, ಯಾವ ಬದಿ ಮುಂದಿಡಬೇಕೋ ತಿಳಿಯದೆ ಮತ್ತೆ ಪೆಟ್ಟಿಗೆಯಲ್ಲೇ ಇಟ್ಟು, ‘ಚೆನ್ನಾಗಿದೆ ಕಣಪ್ಪ’ ಎಂದಿರಿ. ಬೆಳಿಗ್ಗೆ ಎದ್ದವರೇ ಬಹಳ ದಿನ ಆಯ್ತು, ತಂಗಿಯನ್ನು ನೋಡಬೇಕು ಎಂದು ಬಸ್ಸು ಹತ್ತಿದಿರಿ.

ಆಮೇಲೆ ನಡೆದದ್ದು ನಿಮಗೆ ತಿಳಿಯಲೇಬೇಕು. ಅಮ್ಮನಿಗೆ ಹಿಡಿಸಿಲ್ಲ ಎಂದು ಅವರಿಗೆ ಅಂದೇ ಅರ್ಥವಾಯಿತು, ಏನು ಹಿಡಿಸಿಲ್ಲ ಎಂಬುದು ಆಗಲಿಲ್ಲ. ಕೆಲಸದಲ್ಲೇ ಎಲ್ಲೋ ಕುಂದಿದೆ, ಆಪರೇಷನ್ ಆದ ಕಣ್ಣಿಗೆ ಅದು ಕಂಡಿದೆ ಎಂದುಕೊಂಡರು. ದೀಪ ಹಿಡಿದು ಬಸ್ಸಿನ ಮೇಲೆ ಗುಳ್ಳೆ ಹುಡುಕಿದರು, ಬಣ್ಣ ಇಳಿದ ಗೆರೆ ಹುಡುಕಿದರು. ಏನೂ ಸಿಗದಿದ್ದಾಗ ಪೆಟ್ಟಿಗೆಯನ್ನು ಮತ್ತೆ ಗ್ಯಾರೇಜಿಗೆ ಒಯ್ದು, ಬಸ್ಸನ್ನು ಇನ್ನೊಮ್ಮೆ ಉಜ್ಜಿ ಇನ್ನೊಮ್ಮೆ ಹೊಡೆದರು. ಅತ್ತೆ, ನಾನು ಆಗಲೇ ಹೇಳಬಹುದಿತ್ತು. ಬಾಯಿಯ ತನಕ ಬಂದದ್ದು ಅವರ ಮುಖ ನೋಡಿ ಹಿಂದೆ ಹೋಗುತ್ತಿತ್ತು. ನಿಮಗೂ ಹಾಗೆಯೇ ಆಗಿರಬೇಕು.

ಹೇಳಿದವಳು ಗುಬ್ಬಿ, ಅದೂ ಹೇಳಬೇಕೆಂದು ಹೇಳಿದ್ದಲ್ಲ. ಮೊನ್ನೆ ಮಧ್ಯಾಹ್ನ ಊಟದ ಕ್ಯಾರಿಯರ್ ಕೊಡಲು ಹೋಗಿದ್ದಳು. ಅಪ್ಪ ಆಟಿಕೆಗಳನ್ನು ಬೆಂಚಿನ ಮೇಲೆ ಸಾಲಾಗಿ ಇಟ್ಟು, ‘ನೋಡು, ಈಗ ಮುಖ ನೋಡ್ಕೋಬಹುದು ಇದರಲ್ಲಿ’ ಎಂದರಂತೆ. ಇವಳು ಕುದುರೆಯನ್ನು ಎತ್ತಿಕೊಂಡು ಕಿವಿ ಸವರಿ, ‘ಅಪ್ಪಾ, ನಿನ್ನ ಹಲ್ಲೆಲ್ಲಿ?’ ಎಂದಳಂತೆ.

‘ಬಾಯಲ್ಲಿದೆ’ ಎಂದು ನಕ್ಕರಂತೆ. ನಕ್ಕವರು ಹಾಗೆಯೇ ಕುದುರೆಯನ್ನು ಅವಳ ಕೈಯಿಂದ ತೆಗೆದುಕೊಂಡು ತಾವೂ ಕಿವಿ ಸವರಿದರಂತೆ. ನುಣುಪಾಗಿತ್ತು, ಅವರೇ ಪುಟ್ಟಿ ಮೆತ್ತಿ ನುಣುಪು ಮಾಡಿದ್ದು. ಕುದುರೆಯನ್ನು ಬೆಂಚಿನ ಮೇಲಿಟ್ಟು, ‘ಅಮ್ಮನ ಕೈ ಎಲ್ಲಿತ್ತು?’ ಎಂದು ಕೇಳಿದರಂತೆ. ಗುಬ್ಬಿ ಬಸ್ಸಿನ ಮೇಲೆ ತನ್ನ ನಾಲ್ಕು ಬೆರಳು ಇಟ್ಟು ತೋರಿಸಿದಳಂತೆ. ‘ಚಿಕ್ಕಮ್ಮಂದು?’ ಕರಡಿಯ ಹೊಟ್ಟೆ ತೋರಿಸಿದಳು. ‘ನಿಂದು?’ ಎಂದಾಗ ಇವಳಿಗೆ ಅಳು ಬಂದು, ‘ನಂದು ಬಿಡಪ್ಪ, ಬರೀ ನೇಲ್ ಪಾಲಿಶ್’ ಎಂದಳಂತೆ.

ಅವತ್ತು ಅವರು ಹೊತ್ತಿಗೆ ಮುಂಚೆಯೇ ಮನೆಗೆ ಬಂದರು. ಥಿನ್ನರ್ ಹಾಕಿ ಮೇಲಿನ ಬಣ್ಣ ತೆಗೆದರೆ ಹಳೆಯದು ಸಿಗುವುದಿಲ್ಲವೇ ಎಂದು ನಾನು ತಿಳಿಯದೆ ಕೇಳಿದೆ. ಅವರು ಚಪ್ಪಲಿ ಬಿಡುತ್ತ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ‘ಮೇಲೆ ಮೇಲೆ ಹೊಡೆದಿದ್ರೆ ಸಿಗ್ತಿತ್ತು. ನಾನು ಬೇರೆ ಮಟ್ಟಸವಾಗಿ ಉಜ್ಜಿದೀನಿ. ಇದೊಂದು ಸಲ ಮೈಗಳ್ಳತನ ಮಾಡಬಾರದಿತ್ತಾ ನಾನು.’ ಅಷ್ಟೇ. ಮುಖ ತೊಳೆದು ಮುಂದಿನ ಕೋಣೆಗೆ ಹೋಗಿ ಮೇಜಿನ ಮುಂದೆ ಕೂತರು.

ಆ ಹೊತ್ತು ನಾವು ಮೂವರೂ ಮೊದಲ ಸಲ ಕಾರ್ಡುಗಳ ಹಿಂಬದಿಯನ್ನು ಓದಿದೆವು. ಯಾವಾಗಲೂ ಚಿತ್ರವನ್ನೇ ನೋಡಿದವರು ನಾವು. ನಿಮ್ಮ ತಂದೆಯ ಅಕ್ಷರ ಎಷ್ಟು ಚೆಂದ, ಮಾತು ಎಷ್ಟು ಕಡಿಮೆ. ‘ಕ್ಷೇಮ. ಇಲ್ಲಿಯ ನೀರು ಉಪ್ಪು.’ ‘ಕ್ಷೇಮ. ಛತ್ರಿ ರೈಲಿನಲ್ಲಿ ಬಿಟ್ಟೆ.’ ‘ಕ್ಷೇಮ. ಕಾಲು ಬಾತಿತ್ತು, ಇಳಿದಿದೆ.’ ಒಂದರಲ್ಲೂ ನಿಮ್ಮನ್ನೆಲ್ಲ ನೋಡಬೇಕೆನ್ನಿಸುತ್ತಿದೆ ಎಂಬ ಮಾತಿಲ್ಲ. ನಿಮ್ಮ ಮಗ ಪ್ರತಿಯೊಂದನ್ನೂ ಓದಿ, ಇದ್ದಲ್ಲಿಯೇ ಒರಗಿಸಿಟ್ಟರು. ನನಗೆ ಮಾತ್ರ ಒಂದು ವಿಷಯ ಸ್ಪಷ್ಟವಾಯಿತು. ಈ ಮನೆತನದಲ್ಲಿ ನೋವಾದರೂ ಪ್ರೀತಿಯಾದರೂ ಕ್ಷೇಮ ಎಂದೇ ಬರೆಯುತ್ತಾರೆ. ಒಬ್ಬರು ಆಟಿಕೆ ತರುತ್ತಾರೆ, ಒಬ್ಬರು ಬಣ್ಣ ಹೊಡೆಯುತ್ತಾರೆ, ಒಬ್ಬರು ಚೆನ್ನಾಗಿದೆ ಎಂದು ಬಸ್ಸು ಹತ್ತುತ್ತಾರೆ. ಹೊರಗಿನಿಂದ ಬಂದವಳು ನಾನು, ನನಗೆ ಅರ್ಥಮಾಡಿಕೊಳ್ಳಲು ಇಪ್ಪತ್ತು ವರ್ಷದ ಮೇಲೆ ಹಿಡಿಯಿತು.

ನೀವು ಕೋಪ ಮಾಡಿಕೊಂಡು ಹೋದಿರಿ ಎಂದು ಟೈಲರ್ ತಿಳಿದಿದ್ದಾರೆ. ನಾನು ಹಾಗೆ ತಿಳಿದಿಲ್ಲ. ಕೋಪ ಬಂದರೆ ನೀವು ಇಲ್ಲೇ ಇದ್ದು, ಪಾತ್ರೆಗಳ ಜೊತೆ ನಮ್ಮನ್ನೂ ತೊಳೆದಿಡುತ್ತೀರಿ. ಮಗ ಮನಸಾರೆ ಮಾಡಿದ್ದಕ್ಕೆ ಬಯ್ಯುವುದು ಹೇಗೆ, ಬಯ್ಯದೆ ಆ ಮೇಜಿನ ಎದುರು ದಿನಾ ಓಡಾಡುವುದು ಹೇಗೆ ಎಂದು ಎರಡೂ ತೋಚದೆ ಹೋದಿರಿ. ಹೋದದ್ದು ಸರಿ ಎಂದೇ ನನಗೆ ಅನ್ನಿಸುತ್ತದೆ. ಉಳಿದಿದ್ದರೆ ಒಂದು ದಿನ ಬಾಯಿತಪ್ಪಿ ಏನಾದರೂ ಬರುತ್ತಿತ್ತು, ಅವರಿಗೆ ಕಾರಣವೂ ತಿಳಿಯದೆ ಪೆಟ್ಟು ಮಾತ್ರ ಬೀಳುತ್ತಿತ್ತು.

ಸವೆದದ್ದು ಮತ್ತೆ ಬರುವುದಿಲ್ಲ. ಹೊಸ ಬಣ್ಣವೂ ಒಂದು ದಿನ ಸವೆಯುತ್ತದೆ ಎಂದು ಬರೆದು ನಿಮ್ಮನ್ನು ಸಮಾಧಾನ ಮಾಡಬಹುದು. ಆದರೆ ಆ ಕಿಟಕಿಯ ಕಟ್ಟೆಯ ಹುಡುಗಿಯ ಬೆರಳು ಅಲ್ಲಿಗೆ ಮತ್ತೆ ಬರುವುದಿಲ್ಲವಲ್ಲ. ಹಾಗಾಗಿ ಬರೆಯುವುದಿಲ್ಲ. ನೀವು ಎಷ್ಟು ದಿನ ಬೇಕಾದರೂ ಅಲ್ಲಿರಿ. ಗುಬ್ಬಿಯ ರಜೆ ಮುಗಿಯುವುದರೊಳಗೆ ಬಂದರೆ ಅವಳ ಹೊದಿಕೆ ಎಳೆಯಲು ಒಬ್ಬರು ಸಿಕ್ಕ ಹಾಗಾಗುತ್ತದೆ ಎಂದಷ್ಟೇ ನನ್ನ ಆಸೆ.

ಚಿಕ್ಕತ್ತೆಗೆ ನಮ್ಮೆಲ್ಲರ ನಮಸ್ಕಾರ ತಿಳಿಸಿ. ಮಿಕ್ಸಿ ರಿಪೇರಿ ಆಯಿತೇ ಎಂದು ನಾನು ಕೇಳಿದೆನೆಂದು ಮಾತ್ರ ಹೇಳಬೇಡಿ. ಗುಬ್ಬಿ ನಿಮಗೆ ಎರಡು ಮುತ್ತು ಕಳಿಸಿದ್ದಾಳೆ, ಒಂದು ಆಪರೇಷನ್ ಆದ ಕಣ್ಣಿಗಂತೆ. ಮೆಟ್ಟಿಲು ಇಳಿಯುವಾಗ ಜೋಪಾನ.

ನಿಮ್ಮ ಆಶೀರ್ವಾದ ಬೇಡುವ,
ನಿಮ್ಮ ಸೊಸೆ

ಇನ್ನೊಂದು ಮಾತು: ಲಕೋಟೆ ಅಂಟಿಸುವ ಹೊತ್ತಿಗೆ ಇವರು ಬಾಗಿಲಲ್ಲಿ ನಿಂತು, ‘ಗುರುವಾರ ಒಂದು ಗಾಡಿ ಟ್ರಯಲ್ ನೋಡಬೇಕು, ಹಾಗೇ ಆ ಕಡೆ ಹೋಗಿ ಬರ್ತೀನಿ’ ಎಂದು ಹೋದರು. ಆ ಕಡೆ ಎಂದರೆ ನಿಮ್ಮ ಕಡೆ. ಟ್ರಯಲ್ ನೋಡುವ ಗಾಡಿ ಯಾವುದೂ ಇಲ್ಲ, ನಾನು ಗ್ಯಾರೇಜಿಗೆ ಫೋನ್ ಮಾಡಿ ಕೇಳಿದೆ. ಬಂದು ಅದೂ ಇದೂ ಮಾತಾಡುತ್ತಾರೆ, ಕ್ಷಮಿಸು ಎನ್ನಲು ಬಾಯಿ ಬರುವುದಿಲ್ಲ, ಚಿಕ್ಕತ್ತೆಯ ಗೇಟಿಗೆ ಬಣ್ಣ ಹೊಡೆದುಕೊಡಲೇ ಎಂದು ಕೇಳಿದರೂ ಕೇಳಿಯಾರು. ಅತ್ತೆ, ಗೊತ್ತಿಲ್ಲದವನನ್ನು ನೀವು ಬಯ್ಯದೆ ಬಿಟ್ಟಿರಿ, ಅದು ದೊಡ್ಡತನ. ಈಗ ಅವರಿಗೆ ಗೊತ್ತಾಗಿದೆ. ಇನ್ನು ನೀವು ಬಯ್ಯದಿದ್ದರೆ ಅವರು ಅದನ್ನು ಹೊತ್ತುಕೊಂಡೇ ವಾಪಸು ಬರುತ್ತಾರೆ. ಬಸ್ಸು, ಕಟ್ಟೆ, ಬೆರಳು ಎಲ್ಲ ಹೇಳಿ ಬಾಯಿತುಂಬ ಬಯ್ಯಿರಿ, ಅತ್ತರೆ ಅಳಲಿ. ಕಾಫಿ ಆಮೇಲೆ ಕೊಡಿ.