ನಮ್ಮ ಲೇಖಕರ ಕಾಲು ಮಡಿಸಿಕೊಡಿ

ಸ್ಮಾರಕಗಳ ಮೇಲ್ವಿಚಾರಣೆಯ ಮಾನ್ಯ ಅಧಿಕಾರಿಗಳೇ,

ಪತ್ತೇದಾರಿ ಕಾದಂಬರಿಕಾರರಾದ ದಿವಂಗತ ಪರಮಶಿವಯ್ಯನವರ ಕಾಲನ್ನು ತಾವು ಕಳೆದ ತಿಂಗಳು ಬಲವಂತವಾಗಿ ಚಾಚಿಸಿದ್ದೀರಿ. ದಯವಿಟ್ಟು ಮಡಿಸಿಕೊಡಿ.

ನಾನು ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯಲ್ಲಿ ಕೆಲಸದವನು, ವಯಸ್ಸು ಹತ್ತೊಂಬತ್ತು. ಅವರ ಹದಿನೇಳು ಕಾದಂಬರಿಗಳನ್ನೂ ತಲಾ ಮೂರು ಸಲ ಓದಿ, ಕೊಲೆಗಾರ ಯಾರೆಂದು ತಿಳಿದಾಗ ಮೂರು ಸಲವೂ ಬೆಚ್ಚಿಬಿದ್ದವನು. ಆದ್ದರಿಂದ ಅವರ ಪರವಾಗಿ ಮಾತಾಡುವ ಹಕ್ಕು ನನಗಿದೆ. ಅವರು ಉಂಡದ್ದು, ಬರೆದದ್ದು ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು. ನಿದ್ದೆ ಮಾಡಿದ್ದೂ ಕಂಬಕ್ಕೆ ಒರಗಿ. ತಾನು ಮಲಗಿದರೆ ಕಥೆ ಎದ್ದು ಹೋಗುತ್ತದೆಂಬ ಭಯ ಅವರಿಗೆ. ಹೋದ ವರ್ಷ, ೧೯೪೦ರಲ್ಲಿ, ಅವರು ಶಿವೈಕ್ಯರಾದಾಗ ನಮ್ಮ ಪದ್ಧತಿಯಂತೆ ಅಂಗೈಯಲ್ಲಿ ಲಿಂಗವಿಟ್ಟು, ಕೂರಿಸಿಯೇ ಮಣ್ಣು ಮಾಡಿದರು, ಶಾಂತಿಗ್ರಾಮದ ಅವರದೇ ತೋಟದಲ್ಲಿ. ಕೂತವರಿಗೆ ಮೂರಡಿ ಚೌಕ ಧಾರಾಳ. ತಾವೋ, ದಂಡಿನ ಇಂಗ್ಲಿಷರ ಗೋರಿಯ ನಕ್ಷೆ ತರಿಸಿ, ಆರಡಿ ಕಲ್ಲು ಹಾಸಿ, ‘ಇಲ್ಲಿ ಮಲಗಿದ್ದಾರೆ’ ಎಂದು ಕೆತ್ತಿಸಿದಿರಿ. ಬದುಕಿದ್ದಾಗ ಹೆಂಡತಿಗೇ ಆಗದ ಕೆಲಸ ಸರ್ಕಾರಕ್ಕೆ ಆಯಿತು!

ಆ ಹೆಚ್ಚಿನ ಮೂರಡಿ ಯಾರದೆಂದು ವಿಚಾರಿಸಿದಿರಾ? ಅದು ದಾಕ್ಷಾಯಣಮ್ಮನವರು, ಅಂದರೆ ಲೇಖಕರ ಹೆಂಡತಿ, ತಮಗೆಂದು ಗುರುತು ಮಾಡಿಟ್ಟಿದ್ದ ಜಾಗ. ಲೇಖಕರ ಆಚೆ ಪಕ್ಕದಲ್ಲಿ ಆಗಲೇ ಆಕೆಯ ಅತ್ತೆ ಸಮಾಧಿಯಾಗಿ ಕೂತಿದ್ದಾರೆ.

“ಬದುಕಿದ್ದಾಗ ಮನೆ ತುಂಬ ಕಾಗದ ಹರಡಿ ನಂಗೆ ಕೂರಾಕ್ ಜಾಗ ಬುಡಲಿಲ್ಲ ಕಣಪ್ಪ,” ಎಂದರು ಆಕೆ. “ಈಗ್ಲಾದ್ರೂ ಪಕ್ದಲ್ಲಿ ಕೂತ್ಕಳವ ಅಂದ್ರೆ, ಸರ್ಕಾರದೋರು ನನ್ ಜಾಗಕ್ಕೆ ಅವರ ಕಾಲ್ ನೀಡ್ಸವ್ರೆ.”

“ಕಲ್ಲಿನ ಆಚೆಗೆ ಕೂತ್ರೆ ಆಗಕಿಲ್ವಾ, ಅಮ್ಮಾ?”

“ಅಷ್ಟ್ ದೂರದಿಂದ ನಂಗೆ ಕಿವಿ ಕೇಳಕಿಲ್ಲ ಕಣ. ಕೊನೇ ಕತೇಲಿ ಜಮೀನ್ದಾರನ್ನ ಕೊಂದೋರ್ ಯಾರು ಅಂತ ಬರೀದೆ ಓಗ್ಬುಟ್ರು. ಅದ್ನ ಕೇಳ್ಬೇಕು ನಾನು.”

ಈ ಅಹವಾಲು ಹೊತ್ತು ತಮ್ಮ ಕಚೇರಿಗೆ ಬಂದೆ. ನೆನಪಿದೆಯೇ?

“ಸಾ, ಅವ್ರು ಕೂತವ್ರೆ.”

“ಯಾರಯ್ಯಾ? ಎಲ್ಲಿ?”

“ಪರಮಶಿವಯ್ಯೋರು ಸಾ. ಸಮಾಧೀಲಿ.”

“ಸತ್ತೋರೆಲ್ಲ ಮಲಗೋದು ಕಣಯ್ಯ. ಕೂತವ್ರೆ ಅನ್ನೋದಕ್ಕೆ ರುಜುವಾತು ತಗೊಂಡ್ ಬಾ.”

ರುಜುವಾತು! ಲೇಖಕರನ್ನೇ ಎಬ್ಬಿಸಿ ತರಲೇ? ಅವರನ್ನು ಹಾಗೆ ಕೂರಿಸಿದ ಜಂಗಮರು ಬದುಕಿದ್ದಾರೆ, ಹೊತ್ತವರು ಬದುಕಿದ್ದಾರೆ, ಗುಂಡಿ ತೋಡಿದ ದೇವಯ್ಯನೂ ಗುದ್ದಲಿಯ ಸಮೇತ ಬರಲು ಸಿದ್ಧ. ಅವರ ಕಾದಂಬರಿಯ ಪತ್ತೇದಾರನಾಗಿದ್ದರೆ ಇಷ್ಟು ಸಾಕ್ಷಿ ಸಿಕ್ಕ ಮೇಲೆ ತಮ್ಮನ್ನು ಎರಡನೇ ಅಧ್ಯಾಯದಲ್ಲೇ ಹಿಡಿದುಬಿಡುತ್ತಿದ್ದ.

ಇನ್ನೊಂದು ವಾರದಲ್ಲಿ ಆ ಕಲ್ಲಿನಿಂದ ಮೂರಡಿ ಕತ್ತರಿಸಬೇಕು. ‘ಕೂತಿದ್ದಾರೆ’ ಎಂದು ಕೆತ್ತಿಸಬೇಕು. ತಪ್ಪಿದರೆ ದಾಕ್ಷಾಯಣಮ್ಮನವರು ತಮ್ಮ ಜಾಗದಲ್ಲಿ, ಆ ಕಲ್ಲಿನ ಮೇಲೆಯೇ, ಜೀವಂತವಾಗಿ ಹೋಗಿ ಕೂರುತ್ತಾರಂತೆ. ನಾನೂ ಜೊತೆಗೆ ಕೂರುತ್ತೇನೆ. ಜಮೀನ್ದಾರನ ಕೊಲೆಯಲ್ಲಿ ನನಗೆ ಅಡಿಗೆಯವನ ಮೇಲೆ ಅನುಮಾನ. ಆದರೂ ಲೇಖಕರ ಬಾಯಿಂದಲೇ ಕೇಳುವುದು ಒಳ್ಳೆಯದಲ್ಲವೇ?

ಇಂತಿ,
ಲೇಖಕರೂ ಕೂತು, ತಾವೂ ಕೂತಿರುವಾಗ, ತಮ್ಮ ಕಚೇರಿಯ ಬಾಗಿಲಲ್ಲಿ ನಾಲ್ಕು ದಿನದಿಂದ ನಿಂತೇ ಇರುವ
ಚಂದ್ರಶೇಖರಯ್ಯ