ಎಫೆಕ್ಟ್ ತೆಗೆದ ಮೇಲೆ ಕೇಳಿಸಿದ್ದು

ಶಿವಾರಪಟ್ಟಣ
೧೨ ಫೆಬ್ರುವರಿ ೨೦೨೫, ಬುಧವಾರ

ಮೌನಿಕಾಳ ಅಪ್ಪನಿಗೆ ವೆಂಕಟಲಕ್ಷ್ಮಿ ಮಾಡುವ ನಮಸ್ಕಾರಗಳು.

ನಿಮ್ಮ ಕೆಮ್ಮು ಹೇಗಿದೆ? ಮೊದಲು ಅದನ್ನು ಹೇಳಿ, ಮಿಕ್ಕಿದ್ದು ಆಮೇಲೆ. ಹೋದ ಸಲ ಬಂದಾಗ ಕೇಳಿದ್ದಕ್ಕೆ "ಕಲ್ಲಿನ ಧೂಳು ಕಣೇ, ಎಲ್ರಿಗೂ ಇರೋದೇ" ಎಂದು ಬಾಯಿ ಮುಚ್ಚಿಸಿದಿರಿ. ಕೆಲಸದ ಹೊತ್ತಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀರೋ ಇಲ್ಲವೋ, ಆಣೆ ಇಟ್ಟು ಹೇಳಬೇಕು. ಬೈರಕೂರಿನ ಆಚೆಯ ಆ ಬೆಟ್ಟದಲ್ಲಿ ಫೋನಿಗೆ ಸಿಗ್ನಲ್ ಇಲ್ಲ, ನೀವಾಗಿ ಕೆಳಗಿಳಿದು ಬಂದು ಮಾತಾಡುವವರಲ್ಲ. ಲಾರಿಯ ಅಮರನಾಥಣ್ಣ ಮಧ್ಯಾಹ್ನ ಕ್ವಾರಿಗೆ ವಾಪಸ್ ಹೊರಡುತ್ತಾರಂತೆ, ಅವರ ಕೈಲಿ ಕೊಡಲು ಬರೆಯುತ್ತಿದ್ದೇನೆ. ಒಂದು ಕಡೆ ಕೂರಲಾಗುತ್ತಿಲ್ಲ. ಎರಡು ಸಾಲು ಬರೆಯುತ್ತೇನೆ, ಲಾರಿ ಬಂತೇನೋ ಎಂದು ಬಾಗಿಲಿಗೆ ಹೋಗಿ ಬರುತ್ತೇನೆ.

ನೀವು ಕಳಿಸಿದ ಮೆಮೊರಿ ಕಾರ್ಡು ಸೇರಿತು. ಆಂಜನೇಯನ ವಿಗ್ರಹಕ್ಕೆ ಆರಿಸಿದ ಕಲ್ಲನ್ನು ಸುತ್ತಿಗೆಯಿಂದ ತಟ್ಟಿ, ಆ ನಾದವನ್ನು ಫೋನಿನಲ್ಲಿ ಹಿಡಿದು ಕಳಿಸಿದ್ದು ಒಳ್ಳೆಯ ಉಪಾಯ. ಮಂಡಿನೋವಿನಿಂದ ಮಾವ ಬೆಟ್ಟ ಹತ್ತಲಾರರು, ಕಿವಿ ಮಾತ್ರ ಚುರುಕಾಗಿಯೇ ಇದೆ. ಗಂಟೆಯ ಹಾಗೆ ನುಡಿದರೆ ವಿಗ್ರಹಕ್ಕಾಗುವ ಗಂಡುಕಲ್ಲು, ಮಂಕಾಗಿ ನುಡಿದರೆ ಒಳಗೆ ಬಿರುಕು ಎಂದು ಅವರ ಬಾಯಿಂದ ಕೇಳದೆ ಈ ಮನೆಯಲ್ಲಿ ಯಾರು ಉಳಿ ಹಿಡಿದಿದ್ದಾರೆ!

ಕಂಪ್ಯೂಟರಿಗೆ ಹಾಕಿದರೆ ಮೊದಲು ಬರೀ ಡಬ್ಬಿ ಬಡಿದ ಸದ್ದು, ಹಿಂದೆ ಬೆಟ್ಟದ ಗಾಳಿಯ ಗರಗರ. ನನಗೆ ರೇಗಿತು. ಗಿರಾಕಿಗಳಿಗೆ ಫೋಟೊ ಕಳಿಸುವುದು ಬಿಟ್ಟರೆ ನನಗೇನೂ ಬಾರದು ಎಂದು ಆಡಿಕೊಳ್ಳುತ್ತೀರಲ್ಲ, ಈಗ ಕೇಳಿ. ಹೊಸ ಪ್ಲೇಯರ್ ಇಳಿಸಿಕೊಂಡು, ಸೆಟ್ಟಿಂಗಿನೊಳಗೆ ಹೊಕ್ಕು, ಕಂಡ ಕಂಡ ಬಟನ್ನೆಲ್ಲ ಒತ್ತಿದೆ. ಬಾಸ್ ಏರಿಸಿದೆ, ಹಿಂದಿನ ಗದ್ದಲ ಅಳಿಸುವುದನ್ನು ಹಾಕಿದೆ, ದೊಡ್ಡ ಹಾಲ್‌ನೊಳಗೆ ಕೇಳಿಸುವಂಥ ಎಫೆಕ್ಟನ್ನೂ ಹಾಕಿದೆ. ಆಗ ನೋಡಿ, ನಿಮ್ಮ ಕಲ್ಲು ಗುಡಿಯ ಗಂಟೆಯ ಹಾಗೆ ಮೊಳಗಿತು! ಕೊನೆಯಲ್ಲಿ "ಅಪ್ಪಾ, ಕೆಲ್ಸ ಶುರು ಮಾಡ್ಲಾ?" ಎಂದ ನಿಮ್ಮ ದನಿಯೂ ತುಂಬಿಕೊಂಡು ಬಂತು, ಒಂದು ಕೆಮ್ಮಿಲ್ಲ. ಅದನ್ನು ಕೇಳಿ ಜೀವಕ್ಕೆ ಸ್ವಲ್ಪ ಸಮಾಧಾನವಾಯಿತು. ಮಾವನನ್ನು ಕರೆದು ಇದನ್ನೇ ಕೇಳಿಸಿದೆ, "ಬಂಗಾರದಂಥ ಕಲ್ಲು ಕಣಮ್ಮ, ಶುರು ಮಾಡು ಅಂತ ಬರಿ" ಎಂದರು. ಹಾಗಾಗಿ ಶುರು ಮಾಡಿ.

ಆದರೆ ಆಗಿನಿಂದ ಅವರು ಜಗುಲಿಯಲ್ಲಿ ಕೂತು ಬೆರಳಲ್ಲಿ ಕಂಬ ತಟ್ಟುತ್ತಿದ್ದಾರೆ. ಏನು ಮಾವ ಎಂದರೆ, "ಬಯಲಾಗೆ ಹೊಡೆದ ಕಲ್ಲು, ಗುಡಿಯೊಳಗೆ ಹೊಡ್ದಂಗೆ ಯಾಕಮ್ಮ ಕೇಳ್ತೈತೆ?" ಅನ್ನುತ್ತಾರೆ. ವಯಸ್ಸಾಯಿತಲ್ಲ ಎಂದು ಸುಮ್ಮನಾದೆ. ಸುಮ್ಮನಾದೆ ಅಂತ ಬರೆದೆ, ಆಗುತ್ತಿಲ್ಲ.

ಚಟ್ನಿಪುಡಿ ಕಳಿಸಿದ್ದೇನೆ, ಎಲ್ಲವನ್ನೂ ಜೊತೆಯವರಿಗೇ ಹಂಚಿಬಿಡಬೇಡಿ. ಮೌನಿಕಾ ಪರೀಕ್ಷೆಗೆ ಓದುತ್ತಿದ್ದಾಳೆ, ಅಪ್ಪನನ್ನು ಕೇಳಿದೆ ಎಂದು ಬರೆಯಲು ಹೇಳಿದಳು. ಮಾವನ ಆಶೀರ್ವಾದ ನಿಮ್ಮ ತಲೆಯ ಮೇಲಿರಲಿ.

ನಿಮ್ಮ
ವೆಂಕಟಲಕ್ಷ್ಮಿ

ತಾ.ಕ.: ಲಾರಿ ಬಂದು ಹಾರನ್ ಹೊಡೆಯುತ್ತಿದೆ. ಮೇಲೆ ಬರೆದದ್ದನ್ನು ಬಿಡಿ, ಆ ಕಲ್ಲಿಗೆ ಉಳಿ ಹಾಕಬೇಡಿ. ಮನಸ್ಸು ತಡೆಯದೆ ಈಗ ಹೋಗಿ, ಹಾಕಿದ್ದ ಎಫೆಕ್ಟನ್ನೆಲ್ಲ ತೆಗೆದು, ಮೌನಿಕಾಳ ಇಯರ್‌ಫೋನನ್ನು ಮಾವನ ಕಿವಿಗೊಂದು ನನ್ನ ಕಿವಿಗೊಂದು ಸಿಕ್ಕಿಸಿ ಕೇಳಿದೆವು. ಕಲ್ಲು ಒಂದು ಕಡೆ ಮಂಕಾಗಿ ನುಡಿಯುತ್ತದೆ, ಒಳಗೆ ಬಿರುಕು ಬಿಟ್ಟಿದೆಯಂತೆ. ಅದು ಹಾಳಾಗಿ ಹೋಗಲಿ. ಬೆಟ್ಟದ ಗಾಳಿ ಎಂದು ನಾನು ಅಳಿಸಿದ್ದೆನಲ್ಲ ಆ ಗರಗರ, ನೀವು ಮಾತಾಡುವಾಗ ನಿಲ್ಲುತ್ತದೆ, ಮಾತು ಮುಗಿದ ಕೂಡಲೇ ಮತ್ತೆ ಶುರುವಾಗುತ್ತದೆ. ಗಾಳಿ ಹಾಗೆ ಕಾಯುತ್ತದೆಯೇನ್ರೀ? ಮಾವ ಕಲ್ಲನ್ನು ಒಂದೇ ಸಲ ಕೇಳಿದರು, ನಿಮ್ಮ ಉಸಿರನ್ನು ಮತ್ತೆ ಮತ್ತೆ ಹಾಕಿಸಿಕೊಂಡರು. "ಕಲ್ಲು ಇನ್ನೊಂದು ಸಿಗ್ತೈತೆ, ಅವನ್ನ ಇದೇ ಲಾರೀಲಿ ಬರಾಕೆ ಹೇಳಮ್ಮ" ಎಂದರು. ಕೋಲಾರದಲ್ಲಿ ಎದೆಯ ಡಾಕ್ಟರಿಗೆ ತೋರಿಸೋಣ. ನಿಮ್ಮನ್ನು ಹತ್ತಿಸಿಕೊಳ್ಳದೆ ಬೆಟ್ಟ ಇಳಿಯಬೇಡಿ ಎಂದು ಅಮರನಾಥಣ್ಣನಿಗೆ ಹೇಳಿದ್ದೇನೆ. ಅವರ ಹತ್ತಿರ ಚೆನ್ನಾಗಿದ್ದೀನಿ ಅನ್ನಬೇಡಿ. ನಾನು ಕೇಳಿಸಿಕೊಂಡಿದ್ದೇನೆ.