'ಮಿಗ' ಪದದ ಚೀಟಿ

ಅಪ್ಪಾ,

ಇವತ್ತು ನಿಘಂಟು ಕಚೇರಿಗೆ ಹೋಗಿ ನಿನ್ನ ಮೇಜು ಖಾಲಿ ಮಾಡಿದೆ. ತೀರಿಕೊಳ್ಳುವ ಮೊದಲು ನೀನು ಬರೆದ ಕೊನೆಯ ಚೀಟಿಯನ್ನು ಸಂಪಾದಕರು ತೋರಿಸಿದರು. "ಇದೊಂದನ್ನೇ ಇಡೀ ದಿನ ಹಿಡ್ಕೊಂಡು ಕೂತಿದ್ರಮ್ಮ," ಎಂದರು.

ಪದ 'ಮಿಗ'. ಸಂಸ್ಕೃತದ 'ಮೃಗ'ದಿಂದ ಬಂದದ್ದು, ಹಳಗನ್ನಡ ಕವಿಗಳು ಜಿಂಕೆಯನ್ನೂ ಹಾಗೇ ಕರೆಯುತ್ತಿದ್ದರು ಎಂದು ನೀನು ಬರೆದಿದ್ದೆ. ಆದರೆ ಜಿಂಕೆಯನ್ನು ಕೆಳಗೆ ತಳ್ಳಿ, ಮೊದಲ ಅರ್ಥವಾಗಿ 'ಕ್ರೂರಪ್ರಾಣಿ' ಎಂದು ಸೇರಿಸಿದ್ದೆ.

ನಾನು ಮೆಚ್ಚಿದವನನ್ನು ನೀನು ಒಳಗೆ ಬಿಡದಿದ್ದಾಗ, "ನೀನು ಮನುಷ್ಯನೇ ಅಲ್ಲ, ಮೃಗ!" ಎಂದು ಕಿರುಚಿ ಮನೆ ಬಿಟ್ಟವಳು ನಾನು. ಚೀಟಿಯ ಮೇಲಿದ್ದದ್ದು ಅದರ ಮರುದಿನದ ತಾರೀಖು.

"ಜಿಂಕೆ ಅನ್ನೋದು ಮೊದಲು ಬರಲಿ ಸರ್," ಎಂದೆ.

"ಅವರು ಬರೆದದ್ದನ್ನ ನಾನು ಹೇಗಮ್ಮ ತಿದ್ಲಿ? ಕೇಳೋಕೆ ಅವರಿಲ್ವಲ್ಲ," ಎಂದರು ಸಂಪಾದಕರು.

ಚೀಟಿ ಹಾಗೆಯೇ ಅಚ್ಚಿಗೆ ಹೋಯಿತು.